ಮರವಂತೆಯಲ್ಲಿ ಐದು ನಿಮಿಷ ಸಾಕೇ?

ಮರವಂತೆಯಲ್ಲಿ ಬಸ್ಸಿಳಿದೆ. ಕುಂದಾಪುರದಿಂದ ಬೈಂದೂರಿನ ಕಡೆ ಹೊರಟರೆ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಒಂದು ಕಡೆ ಅಲೆಗಳ ಅಬ್ಬರ, ರಸ್ತೆ ದಾಟಿದರೆ ಅಲ್ಲಾಡದ ನೀರು, ತೆಂಗಿನ ಸಾಲು, ದೂರದಲ್ಲಿ ಘಟ್ಟದ ನೀಲಿ ಗೆರೆ.

ನಾನು ಕೂತ ಒಂದು ಗಂಟೆಯಲ್ಲಿ ಎಷ್ಟೋ ಕಾರುಗಳು ಬಂದು ನಿಂತವು. ಇಳಿದರು, ಫೋಟೋ ತೆಗೆದರು, ಹೊರಟರು. ಹೆಚ್ಚಿನವರು ನದಿಯ ಕಡೆ ತಿರುಗಿಯೂ ನೋಡಲಿಲ್ಲ.

ಆಗ ಅನ್ನಿಸಿದ್ದು ಇಷ್ಟೇ: ಕರಾವಳಿಯ ಪ್ರವಾಸ ಎಂದರೆ ನಾವು ಬೀಚುಗಳನ್ನು ಎಣಿಸುತ್ತೇವೆ. ಒಂದೇ ದಿನದಲ್ಲಿ ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ ಮುಗಿಸಿಬಿಡುತ್ತೇವೆ. ಆದರೆ ಕಾಪುವಿನಲ್ಲಿ 1901ರ ದೀಪಸ್ತಂಭ ಹೊತ್ತಿಕೊಳ್ಳುವುದನ್ನು ನೋಡಲು ಕತ್ತಲಾಗುವವರೆಗೆ ಕಾಯಬೇಕು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ, ಲಾವಾ ತಣಿದು ಕಂಬಗಳಾಗಿ ಸೀಳಿದ ಆ ಬಂಡೆಗಳ ಮೇಲೆ ಕೈಯಿಟ್ಟು ನೋಡಲು ಪುರಸೊತ್ತು ಬೇಕು. ಗೋಕರ್ಣದ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಹಾದಿಯಲ್ಲಿ ನಡೆದು ಹೋಗಲೂ ಹೊತ್ತು ಬೇಕು.

ಕಡಲು ಒಂದೇ ಆದರೂ ಪ್ರತಿ ದಂಡೆಗೂ ಅದರದೇ ಹೊತ್ತಿದೆ. ಮರವಂತೆಗೆ ಅದು ಸಂಜೆ. ಸೂರ್ಯ ಕಡಲಿಗಿಳಿಯುವಾಗ ಬೆನ್ನ ಹಿಂದಿನ ನದಿಯೂ ಕೆಂಪಾಗುತ್ತದೆ.

ಮುಂದಿನ ರಜೆಗೆ ಒಂದೇ ದಂಡೆ ಆರಿಸಿ, ಒಂದು ಪೂರ್ತಿ ದಿನ ಕೊಡಿ. ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯಬೇಡಿ, ದೂರದಿಂದಲೇ ನೋಡಿ. ನೀವು ಇಡೀ ದಿನ ಕೂತು ನೋಡಿದ ಕಡಲು ಯಾವುದು? ಹೇಳಿ.