ಹಡಗಿನಲ್ಲಿ ಮಾಡಿದ ವೈಸ್

ನಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕ, ಸದ್ಯಕ್ಕೆ ಏಳು ವೈಸ್‌ಗಳಿವೆ. ವೈಸ್ ಅಂದರೆ ವರ್ಕ್‌ಶಾಪಿನ ಮೇಜಿಗೆ ಬೋಲ್ಟ್ ಹಾಕಿ ಕೂರಿಸುವ ಕಬ್ಬಿಣದ ಹಿಡಿ. ಎರಡು ದವಡೆ, ನಡುವೆ ಒಂದು ದಪ್ಪ ಸ್ಕ್ರೂ, ತಿರುಗಿಸಲು ಒಂದು ಸರಳು. ಅರ ತೀಡುವಾಗಲೋ ಹ್ಯಾಕ್ಸಾದಲ್ಲಿ ಕೊಯ್ಯುವಾಗಲೋ ಕಬ್ಬಿಣದ ತುಂಡು ಅಲುಗದಂತೆ ಕಚ್ಚಿ ಹಿಡಿಯುವುದು ಅದರ ಕೆಲಸ. ಏಳರಲ್ಲಿ ಒಂದನ್ನೂ ನಾನು ಆ ಕೆಲಸಕ್ಕೆ ಬಳಸುವುದಿಲ್ಲ. ಬ್ಯಾಂಕಿನಲ್ಲಿ ಕೂತು ಸಾಲದ ಫೈಲು ನೋಡುವವನಿಗೆ ವೈಸ್‌ನಿಂದ ಆಗಬೇಕಾದ್ದೇನು?

ಅಪ್ಪನಿಗೆ ಕಾಮಾಕ್ಷಿಪಾಳ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇತ್ತು. ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್, ನಡುಮಧ್ಯೆ ಮರದ ಭಾರಿ ಮೇಜು, ಅದರ ಮೇಲೆ ವೈಸ್. ಮುಚ್ಚಿಹೋದ ಮಿಲ್ಲೊಂದರ ಸಾಮಾನು ಹರಾಜಿಗೆ ಬಂದಾಗ ಅದನ್ನು ಹಿಡಿದಿದ್ದರಂತೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೇಜಿನ ಆಚೆ ಬದಿಗೆ, ಅಪ್ಪನಿಗೆ ಎದುರಾಗಿ ಸ್ಟೂಲಿನ ಮೇಲೆ ಕೂತು, ಅವರು ಕೊಯ್ಯುವ ಜಾಗಕ್ಕೆ ಎಣ್ಣೆ ಕುಪ್ಪಿಯಿಂದ ಹನಿ ಹನಿ ಬಿಡುವುದು ನನ್ನ ಕೆಲಸ. ವೈಸ್‌ನ ಮೈಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು. ಅರ್ಧ ಸವೆದು, ಅರ್ಧ ಜಿಡ್ಡು ಮೆತ್ತಿ, ಓದಲಾಗುತ್ತಿದ್ದದ್ದು ಒಂದೇ ಪದ: ಶಿಪ್‌ಲಿ. ಶಿಪ್ ಅಂದರೆ ಹಡಗು ಎಂದು ಆಗಷ್ಟೇ ಕಲಿತಿದ್ದೆ. ಇದನ್ನು ಹಡಗಿನಲ್ಲಿ ಮಾಡಿದ್ದಾರೆ ಎಂದು ನಾನೇ ತೀರ್ಮಾನಿಸಿ ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದೆ.

ಅದರ ದವಡೆಯ ಒಂದು ಬದಿಯಲ್ಲಿ ಹಳದಿ ಗೆರೆಯಿತ್ತು. ಹೊಸದಾಗಿ ಸೇರಿದ ಹುಡುಗನೊಬ್ಬ ಇನ್ನಷ್ಟು ಬಿಗಿಯಾಗಲಿ ಎಂದು ಸರಳಿಗೆ ಉದ್ದನೆಯ ಪೈಪು ತೂರಿಸಿ ಎಳೆದಿದ್ದ. ಮನುಷ್ಯನ ಕೈಬಲ ಎಷ್ಟು, ಬೀಡು ತಡೆಯುವುದೆಷ್ಟು ಎಂದು ಲೆಕ್ಕ ಹಾಕಿಯೇ ಸರಳಿನ ಉದ್ದ ಇಟ್ಟಿರುತ್ತಾರೆ. ಪೈಪು ಹಾಕಿದರೆ ಆ ಲೆಕ್ಕ ತಪ್ಪುತ್ತದೆ. ಬೀಡು ಬಾಗುವ ಜಾತಿಯದಲ್ಲ, ಒಡೆಯುವ ಜಾತಿಯದು. ಟಣ್ ಎಂದು ಬಿರುಕು ಬಿಟ್ಟಿತು. ಅಪ್ಪ ಹುಡುಗನಿಗೆ ಒಂದು ಮಾತೂ ಅನ್ನಲಿಲ್ಲವಂತೆ. ಭಾನುವಾರ ಒಬ್ಬರೇ ಕೂತು, ಇಡೀ ತುಂಡನ್ನು ಇದ್ದಿಲಲ್ಲಿ ಕಾಯಿಸಿ, ಹಿತ್ತಾಳೆ ಬೆಸುಗೆ ಹಾಕಿ, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಟ್ಟರು. ಬೇಗ ತಣಿದರೆ ಮತ್ತೆ ಸೀಳುತ್ತದೆ.

2008ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಅವರು ಆಸ್ಪತ್ರೆಯಲ್ಲಿದ್ದ ಐದು ವಾರದಲ್ಲಿ ನಾನು ವರ್ಕ್‌ಶಾಪ್ ಖಾಲಿ ಮಾಡಿದೆ. ಬಾಡಿಗೆ ಬಾಕಿಯಿತ್ತು, ಆಸ್ಪತ್ರೆ ಬಿಲ್ಲು ದಿನಾ ಏರುತ್ತಿತ್ತು. ಲೇತಿಗೆ ಗಿರಾಕಿ ಸಿಕ್ಕಿದ. ಉಳಿದದ್ದು ಗುಜರಿಗೆ, ತೂಕದ ಮೇಲೆ. ವೈಸ್ 28 ಕೆ.ಜಿ. ತೂಗಿತು. ಕೆ.ಜಿ.ಗೆ 18 ರೂಪಾಯಿಯಂತೆ 504. ಗುಜರಿಯವನು ಮೇಲಿನ ನಾಲ್ಕು ರೂಪಾಯಿ ಬಿಟ್ಟುಬಿಡಿ ಸಾರ್ ಅಂದ, ಬಿಟ್ಟೆ.

ಮನೆಗೆ ಬಂದ ಅಪ್ಪ ಲೇತಿನ ವಿಷಯ ಎತ್ತಲಿಲ್ಲ. ತೊದಲುತ್ತಾ ಕೇಳಿದ್ದು ಒಂದೇ: “ವೈಸ್ ಎಲ್ಲಿಟ್ಟಿದ್ದೀಯಾ?” “ಚಿಕ್ಕಪ್ಪನ ಮನೇಲಿದೆ ಅಪ್ಪ,” ಅಂದೆ. ಆಮೇಲೂ ಎರಡು ಮೂರು ಸಲ ಕೇಳಿದರು. ಒಮ್ಮೆ, “ಎಣ್ಣೆ ಹಾಕಿಡಕ್ಕೆ ಹೇಳು,” ಅಂದರು. ಹೇಳ್ತೀನಿ ಅಂದೆ. 2011ರಲ್ಲಿ ಅವರು ತೀರಿಕೊಂಡರು.

ಹುಡುಕಾಟ ಶುರುವಾದದ್ದು ಆಮೇಲೆ. ಮೊದಲು ಬೇಕಿದ್ದದ್ದು ಹೆಸರು. ಶಿಪ್‌ಲಿ ಹಡಗಲ್ಲ, ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಬ್ರಾಡ್‌ಫರ್ಡ್ ಪಕ್ಕದ ಒಂದು ಊರು ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಉಣ್ಣೆ ಮಿಲ್ಲುಗಳ ಸೀಮೆ ಅದು. ಲೀಡ್ಸ್‌ನಿಂದ ಲಿವರ್‌ಪೂಲ್‌ಗೆ ಹೋಗುವ ಕಾಲುವೆ ಊರೊಳಗೇ ಹಾದುಹೋಗುತ್ತದೆ. ಅಲ್ಲಿನ ಕೆನಾಲ್ ಐರನ್‌ವರ್ಕ್ಸ್‌ನಲ್ಲಿ ಜೆ. ಪಾರ್ಕಿನ್‌ಸನ್ ಅಂಡ್ ಸನ್ ಎಂಬ ಕಂಪನಿ ವೈಸ್ ಮಾಡುತ್ತಿತ್ತು. ಹಡಗಲ್ಲದಿದ್ದರೂ ದೋಣಿ ಓಡಾಡುವ ಕಾಲುವೆಯಾದರೂ ಸಿಕ್ಕಿತಲ್ಲ ಎಂದು ನನ್ನೊಳಗಿನ ಮೂರನೇ ಕ್ಲಾಸಿನ ಹುಡುಗನಿಗೆ ಸಮಾಧಾನವಾಯಿತು.

ಅವರು ಇಟ್ಟ ಹೆಸರು ‘ಪರ್ಫೆಕ್ಟ್ ವೈಸ್’. ಬ್ರಿಟಿಷರು ಈ ಉಪಕರಣಕ್ಕೂ ದುಶ್ಚಟಕ್ಕೂ ಒಂದೇ ಸ್ಪೆಲ್ಲಿಂಗ್ ಬರೆಯುತ್ತಾರೆ. ಅಮೆರಿಕದವರು ಉಪಕರಣಕ್ಕೆ ಸಿ ಬದಲು ಎಸ್ ಹಾಕುತ್ತಾರೆ. ಹಾಗಾಗಿ ಆ ಪದ ಅಚ್ಚಾಗಿದ್ದರೆ ಮಾಲು ಯಾವ ಕಡೆಯದು ಎಂಬುದಕ್ಕೆ ಮೊದಲ ಸುಳಿವು ಆ ಒಂದಕ್ಷರ. ಪರಿಪೂರ್ಣ ದುಶ್ಚಟ ಎಂಬ ಅನುವಾದ ನನ್ನ ಹೆಂಡತಿಯದು, ನಾಲ್ಕನೇ ವೈಸ್ ಮನೆಗೆ ಬಂದ ದಿನ ಮಾಡಿದ್ದು.

ಪಾರ್ಕಿನ್‌ಸನ್‌ನ ಹೆಚ್ಚುಗಾರಿಕೆ ಅದರ ಮುಂದಿರುವ ಪುಟ್ಟ ಸನ್ನೆಯಲ್ಲಿದೆ. ಮಾಮೂಲಿ ವೈಸ್‌ನಲ್ಲಿ ದವಡೆ ಆರಿಂಚು ತೆರೆಯಬೇಕಾದರೆ ಸರಳನ್ನು ಸುತ್ತಿ ಸುತ್ತಿ ಕೈ ಸೋಲಬೇಕು. ಇದರಲ್ಲಿ ಸ್ಕ್ರೂ ಕಚ್ಚುವ ನಟ್ಟು ಇಡಿಯದಲ್ಲ, ಅರ್ಧದ್ದು. ಸನ್ನೆ ಒತ್ತಿದರೆ ಅರ್ಧ ನಟ್ಟು ಸ್ಕ್ರೂವಿನಿಂದ ಬಿಟ್ಟುಕೊಳ್ಳುತ್ತದೆ, ದವಡೆ ಡ್ರಾಯರಿನ ಹಾಗೆ ಸರ್ರನೆ ಜಾರುತ್ತದೆ. ಸನ್ನೆ ಬಿಟ್ಟು ಸ್ವಲ್ಪ ತಿರುಗಿಸಿದರೆ ಹಿಡಿತ. ಅಪ್ಪ ಎಡಗೈಯಲ್ಲಿ ತುಂಡು ಹಿಡಿದು ಬಲಗೈಯೊಂದರಲ್ಲೇ ಇದಿಷ್ಟನ್ನೂ ಮಾಡುತ್ತಿದ್ದದ್ದು ನೆನಪಿದೆ. ಅದು ಅವರ ಕೈಚಳಕ ಅಂದುಕೊಂಡಿದ್ದೆ. ಅರ್ಧ ನಟ್ಟಿನದೂ ಹೌದು.

ಒಂದು ಹುಡುಕಲು ಹೋಗಿ ಉಳಿದವೂ ಗಂಟುಬಿದ್ದವು. ಶೆಫೀಲ್ಡಿನ ರೆಕಾರ್ಡ್ ಎರಡು ಇವೆ, ನೀಲಿ ಬಣ್ಣ ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ. 1898ರಲ್ಲಿ ಹ್ಯಾಂಪ್ಟನ್ ಸೋದರರು ಶುರು ಮಾಡಿದ ಕಂಪನಿ ಅದು. ತುಮಕೂರಿನ ಕಡೆಯ ಕುಲುಮೆಯೊಂದರಿಂದ ತಂದ ಕಾಲಿನ ವೈಸ್ ಒಂದಿದೆ. ಅದು ಎರಕದ್ದಲ್ಲ, ಬಡಿದು ಮಾಡಿದ್ದು. ಒಂದು ಕಾಲು ನೆಲ ಮುಟ್ಟುತ್ತದೆ. ಸುತ್ತಿಗೆಯ ಏಟು ದವಡೆಗೆ ಬಿದ್ದರೂ ಆ ಕಾಲಿನ ಮೂಲಕ ಭೂಮಿಗೆ ಇಳಿದುಹೋಗುವುದರಿಂದ ಕಮ್ಮಾರರಿಗೆ ಅದೇ ಬೇಕು. ಅಮೆರಿಕದ ವಿಲ್ಟನ್ ನನ್ನ ಹತ್ತಿರ ಇಲ್ಲ, ಅದರ ಬೆಲೆಗೆ ಸ್ಕೂಟರ್ ಬರುತ್ತದೆ. ಚೆಕೊಸ್ಲೊವಾಕಿಯದಿಂದ ವಲಸೆ ಹೋದ ಹ್ಯೂ ವೋಗಲ್ 1941ರಲ್ಲಿ ಷಿಕಾಗೊದಲ್ಲಿ ಅದನ್ನು ಶುರು ಮಾಡಿದ. ಹಳೆಯ ವಿಲ್ಟನ್‌ಗಳ ಜಾರುದಂಡದ ಕೆಳಗೆ ಒಂದು ತಾರೀಖು ಕೊರೆದಿರುತ್ತದೆ. ಅದು ತಯಾರಾದ ತಾರೀಖಲ್ಲ, ಐದು ವರ್ಷದ ಗ್ಯಾರಂಟಿ ಮುಗಿಯುವ ತಾರೀಖು. ಹುಟ್ಟಿದ ಕಾಲ ತಿಳಿಯಬೇಕಾದರೆ ಅದರಿಂದ ಐದು ಕಳೆಯಬೇಕು.

ಶಿವಾಜಿನಗರದ ಗುಜರಿಯವರಿಗೆಲ್ಲ ನಾನೀಗ ‘ವೈಸ್ ಸಾರ್’. ಹೋದ ತಕ್ಷಣ ನಾನು ನೋಡುವುದು ದವಡೆಯ ಎಡಗಡೆ. ಅಲ್ಲಿ ಹಳದಿ ಗೆರೆಯಿರಬೇಕು. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಪಾರ್ಕಿನ್‌ಸನ್ ಒಂದು ಸಿಕ್ಕಿತ್ತು, ಹೆಚ್ಚುಕಡಿಮೆ ಅದೇ ಅಳತೆ. ಬೆಸುಗೆ ಬಲಗಡೆಗಿತ್ತು. ಒಡೆದ ವೈಸ್ ಬೆಸೆಯುವವರು ಅಪ್ಪ ಒಬ್ಬರೇ ಏನಲ್ಲವಲ್ಲ. ಬಿಟ್ಟು ಬಂದೆ.

ಹೋದ ತಿಂಗಳು ಬೆಸುಗೆಯೇ ಇಲ್ಲದ ಇನ್ನೊಂದು ಪಾರ್ಕಿನ್‌ಸನ್ ತಂದೆ. ವಾಷಿಂಗ್ ಸೋಡಾ ಕಲಸಿದ ನೀರಿನ ಟಬ್ಬಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಅದಕ್ಕೂ ಪಾಸಿಟಿವ್ ತಂತಿಯನ್ನು ಒಂದು ಹಳೆಯ ಕಬ್ಬಿಣದ ಪಟ್ಟಿಗೂ ಕಟ್ಟಿ ರಾತ್ರಿಯಿಡೀ ಬಿಟ್ಟರೆ ತುಕ್ಕು ಕಪ್ಪು ರಾಡಿಯಾಗಿ ಸಡಿಲವಾಗುತ್ತದೆ. ಬೆಳಿಗ್ಗೆ ಬ್ರಷ್ಷಿನಲ್ಲಿ ಉಜ್ಜುತ್ತಿದ್ದಾಗ ಅಮ್ಮ ಬಾಗಿಲಲ್ಲಿ ಬಂದು ನಿಂತರು.

“ಇದೂ ಅಲ್ಲ ಕಣಮ್ಮ. ಎಡಗಡೆ ಬೆಸುಗೆ ಇಲ್ಲ ನೋಡು.”

“ಎಡಗಡೆ ಎಲ್ಲಿತ್ತೋ? ಬಲಗಡೆ ಅಲ್ವಾ ಇದ್ದದ್ದು? ದಿನಾ ಊಟದ ಕ್ಯಾರಿಯರ್ ತಗೊಂಡು ಹೋಗಿ ಅವರ ಬೆನ್ನ ಹಿಂದೇನೇ ನಿಂತಿರ್ತಿದ್ದೆ. ಕೈ ಒರೆಸೋ ಬಟ್ಟೆ ಆ ಗೆರೆ ಮೇಲೇ ನೇತಾಕಿರೋರು. ಬಲಗಡೆ.”

ಬ್ರಷ್ ಹಿಡಿದ ಕೈ ನಿಂತಿತು. ಅಮ್ಮ ಸರಿ. ನಾನೂ ತಪ್ಪಲ್ಲ. ನಾನು ಕೂರುತ್ತಿದ್ದದ್ದು ಮೇಜಿನ ಆಚೆ ಬದಿಗೆ.

ಆ ಭಾನುವಾರ ಹಳೆಯ ಅಂಗಡಿಗೆ ಹೋದೆ. “ಅದಾ ಸಾರ್? ಯಾವತ್ತೋ ಹೋಯ್ತಲ್ಲ,” ಅಂದ. ಯಾರು ತಗೊಂಡ್ರು? ಗೊತ್ತಿಲ್ಲ. ಬಳಸೋಕಾ, ಕರಗಿಸೋಕಾ? ಅದೂ ಗೊತ್ತಿಲ್ಲ. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಟೀ ತರಿಸಿದ. ಆಮೇಲೆ ಒಳಗಿನ ರಾಶಿಯಿಂದ ಗೋಣಿಚೀಲ ಸುತ್ತಿದ ಒಂದನ್ನು ಎಳೆದು ತಂದು ಮುಂದಿಟ್ಟ. ಚೀಲ ಬಿಚ್ಚಿ, ಸರಳು ನನ್ನ ಕಡೆಗೆ ಬರುವಂತೆ ತಿರುಗಿಸಿಕೊಂಡು, ಬಲಗಡೆ ನೋಡಿದೆ. ಜಿಡ್ಡು ದಪ್ಪಗಿತ್ತು. ಸೀಮೆಎಣ್ಣೆ ಇದ್ರೆ ಸ್ವಲ್ಪ ಕೊಡಪ್ಪ, ಅಂದೆ.