ಗೂಡಿಲ್ಲದ ಗೂಡಿನ ಪೇಟೆ

ಇಸ್ತಾಂಬುಲಿನಿಂದ ಮರ್ಮರ ಸಮುದ್ರವನ್ನು ಹಡಗಿನಲ್ಲಿ ದಾಟಿ, ಮುದನ್ಯಾ ಎಂಬ ಸಣ್ಣ ಬಂದರಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದರೆ ಬುರ್ಸಾ ಪಟ್ಟಣ. ಊರಿನ ಬೆನ್ನಿಗೇ 2543 ಮೀಟರ್ ಎತ್ತರದ ಉಲುದಾಗ್ ಬೆಟ್ಟ. ನಾವು ಹೋದದ್ದು ಮೇ ತಿಂಗಳಿನಲ್ಲಿ. ಕೆಳಗೆ ಹಿತವಾದ ಬಿಸಿಲು, ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮ. ಆಟೋಮನ್ ತುರ್ಕರು 1326ರಲ್ಲಿ ಗೆದ್ದು ರಾಜಧಾನಿ ಮಾಡಿಕೊಂಡ ಊರಿದು. ಇಸ್ತಾಂಬುಲ್ ಅವರ ಕೈಸೇರಿದ್ದು 1453ರಲ್ಲಿ. ಆ ವಂಶದ ಲೆಕ್ಕದಲ್ಲಿ ಬುರ್ಸಾ ಹಿರಿಯಕ್ಕ.

ಮೊದಲು ಉಲು ಜಾಮಿ ಎಂಬ ದೊಡ್ಡ ಮಸೀದಿಗೆ ಹೋದೆವು. ಯುದ್ಧದಲ್ಲಿ ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುವೆನೆಂದು ಒಂದನೆಯ ಬಾಯಜೀದ ಹರಕೆ ಹೊತ್ತನಂತೆ. ಗೆದ್ದ ಮೇಲೆ ಇಪ್ಪತ್ತು ಗುಮ್ಮಟಗಳ ಒಂದೇ ಮಸೀದಿ ಕಟ್ಟಿಸಿ ಹರಕೆ ತೀರಿಸಿದನಂತೆ. ದೇವರ ಹತ್ತಿರ ಚೌಕಾಸಿ ಮಾಡುವುದು ನಮ್ಮವರಿಗೆ ಮಾತ್ರ ಗೊತ್ತೆಂದುಕೊಳ್ಳಬೇಡಿ! ಮಸೀದಿಯ ಒಳಗೇ ಒಂದು ಕಾರಂಜಿ. ಅದರ ಜುಳುಜುಳು ಸದ್ದಿನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ಆಮೇಲೆ 'ಹಸಿರು ಗೋರಿ'. ಒಂದನೆಯ ಮೆಹಮೆದ್ ಸುಲ್ತಾನನದು, 1421ರದು. ಹೆಸರು ಹಸಿರಾದರೂ ಹೊರಗೋಡೆಯ ಹೆಂಚುಬಿಲ್ಲೆಗಳು ನಮ್ಮ ಕಣ್ಣಿಗೆ ಕಂಡದ್ದು ನವಿಲುಗೊರಳಿನ ನೀಲಿ.

ನಮ್ಮ ಅತ್ತಿಗೆಯವರಿಗೆ ಇವೆಲ್ಲಕ್ಕಿಂತ 'ಕೋಜಾ ಹಾನ್' ನೋಡುವ ಆತುರ. ಅವರು ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವರು. 'ಕೋಜಾ' ಎಂದರೆ ತುರ್ಕಿಯಲ್ಲಿ ರೇಷ್ಮೆಗೂಡು, 'ಹಾನ್' ಎಂದರೆ ವರ್ತಕರ ಛತ್ರ. ಎರಡನೆಯ ಬಾಯಜೀದ 1491ರಲ್ಲಿ ಕಟ್ಟಿಸಿದ್ದು. ಕಲ್ಲು ಇಟ್ಟಿಗೆಗಳ ಎರಡು ಅಂತಸ್ತು, ಸುತ್ತಲೂ ಕಮಾನಿನ ಮೊಗಸಾಲೆ, ನಡುವೆ ವಿಶಾಲವಾದ ಅಂಗಳ, ಅಂಗಳದ ಮಧ್ಯೆ ಕಂಬಗಳ ಮೇಲೆ ನಿಂತ ಪುಟ್ಟ ಮಸೀದಿ. ಮರದ ನೆರಳಲ್ಲಿ ಜನ ಸಣ್ಣ ಗಾಜಿನ ಲೋಟಗಳಲ್ಲಿ ಚಹಾ ಹೀರುತ್ತಿದ್ದರು. ನಾವೂ ಕುಳಿತೆವು.

ಹಿಂದೆ ಇರಾನಿನಿಂದ ಒಂಟೆಸಾಲುಗಳು ಕಚ್ಚಾ ರೇಷ್ಮೆ ಹೊತ್ತು ಈ ಊರಿಗೆ ಬರುತ್ತಿದ್ದವು. ಇಟಲಿಯ ವರ್ತಕರು ಕೊಳ್ಳಲು ಕಾದಿರುತ್ತಿದ್ದರು. ಮುಂದೆ ಸುತ್ತಲಿನ ಹಳ್ಳಿಗಳಲ್ಲೇ ಹಿಪ್ಪುನೇರಳೆ ಬೆಳೆದು ಹುಳು ಸಾಕಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಪೆಬ್ರಿನ್ ರೋಗ ಹುಳುಗಳನ್ನು ಸೂರೆ ಮಾಡಿತು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಇಟ್ಟುಕೊಳ್ಳುವ ಪಾಶ್ಚರ್ ಮಹಾಶಯನ ಪದ್ಧತಿಯನ್ನು ಕಲಿಸಲು 1888ರಲ್ಲಿ ಇಲ್ಲೊಂದು ಶಾಲೆಯೇ ತೆರೆಯಿತು. ಕಸುಬು ಮತ್ತೆ ಚಿಗುರಿತು. ಇಷ್ಟೆಲ್ಲ ಗೆದ್ದು ಬಂದದ್ದು ಕೊನೆಗೆ ಸೋತದ್ದು ಅಗ್ಗದ ಚೀನಾ ರೇಷ್ಮೆಗೆ. 1971ರಿಂದ ಊರಿನ ಸುತ್ತ ಮೋಟಾರು ಕಾರ್ಖಾನೆಗಳೂ ಎದ್ದವು. ಹಳ್ಳಿಯ ಹುಡುಗರು ಹುಳುವಿಗೆ ಸೊಪ್ಪು ಹಾಕುವುದನ್ನು ಬಿಟ್ಟು ಆ ಕಡೆ ನಡೆದರು. ತಿಂಗಳ ಸಂಬಳ ಬಿಟ್ಟು ರಾತ್ರಿಯೆಲ್ಲ ಹುಳುವಿನ ಮುಂದೆ ಕೂತಿರಿ ಎಂದು ಯಾರಿಗೆ ಹೇಳಲಾದೀತು? ಟರ್ಕಿಯಲ್ಲಿ ಉಳಿದಿರುವ ಅಷ್ಟಿಷ್ಟು ಗೂಡಿನ ಬೆಳೆಯಲ್ಲಿ ಹೆಚ್ಚಿನದು ದೂರದ ದಿಯಾರ್‌ಬಕಿರ್ ಕಡೆಯದು.

ಅತ್ತಿಗೆಯವರು ಅಂಗಡಿಯಿಂದ ಅಂಗಡಿಗೆ ಹೋಗಿ ಮೂಗರಳಿಸಿ ನಿಂತರು. "ವಾಸನೆಯೇ ಇಲ್ಲವಲ್ಲ!" ಎಂದರು. ಗೂಡಿನ ಮಾರುಕಟ್ಟೆಗೆ ಕಾಲಿಟ್ಟವರಿಗೆ ಆ ವಾಸನೆ ಗೊತ್ತು. ಒಮ್ಮೆ ಮೂಗಿಗೆ ಹೊಕ್ಕರೆ ಜನ್ಮಕ್ಕೆ ಮರೆಯುವುದಿಲ್ಲ. ಇಲ್ಲಿದ್ದದ್ದು ಇಸ್ತ್ರಿಯ ಶಾಲುಗಳು, ಟೈಗಳು, ಗಾಜಿನ ಬೀರುಗಳು. ಮೇಲಂತಸ್ತಿನ ಒಬ್ಬ ಮುದುಕ ವ್ಯಾಪಾರಿ ಸತ್ಯವಂತ. ನೇಯ್ಗೆ ತಮ್ಮ ಊರಿನದೇ, ನೂಲು ಮಾತ್ರ ಚೀನಾದ್ದು ಎಂದ. ಅವನ ತಂದೆಯ ಕಾಲದಲ್ಲಿ ಬೇಸಿಗೆ ಬಂತೆಂದರೆ ಅಂಗಳದ ತುಂಬ ಗೂಡಿನ ಚೀಲಗಳಂತೆ, ನಡೆದಾಡಲು ಜಾಗವಿರುತ್ತಿರಲಿಲ್ಲವಂತೆ.

"ನಮ್ಮೂರಲ್ಲಿ ಈಗಲೂ ಹಾಗೇ ಇದೆ, ಹೇಳಿ ಅವರಿಗೆ" ಎಂದರು ಅತ್ತಿಗೆ. ನಮ್ಮ ಹುಡುಗಿ ಫೋನಿನಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಯ ಚಿತ್ರ ತೆಗೆದು ತೋರಿಸಿದಳು. ಮುದುಕ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ. ಒಳಗಿದ್ದ ಮಗನನ್ನು ಕರೆದು ಅವನಿಗೂ ತೋರಿಸಿದ. "ಅಲ್ಲಿ ಹುಡುಗರು ಈ ಕೆಲಸಕ್ಕೆ ಬರುತ್ತಾರೆಯೆ?" ಎಂದು ಮಗ ಕೇಳಿದ. ಅತ್ತಿಗೆ ತಟ್ಟನೆ ಉತ್ತರ ಕೊಡಲಿಲ್ಲ. ಅವರ ಅಣ್ಣನ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. "ಅಣ್ಣ ಇರುವ ತನಕ ಇದೆ" ಎಂದರು.

ಬಾಗಿಲಿನ ಬಳಿ ಬುಟ್ಟಿಯಲ್ಲಿ ಒಣಗಿದ ಗೂಡುಗಳಿದ್ದವು, ಪ್ರವಾಸಿಗರಿಗೆ ನೆನಪಿನ ಕಾಣಿಕೆಯಾಗಿ. ಬೆಲೆ ಬಿಡಿಬಿಡಿಯಾಗಿ, ಒಂದೊಂದಕ್ಕೆ ಇಷ್ಟು ಎಂದು. "ಮಣಗಟ್ಟಲೆ ತೂಗಿ ಮಾರಿದವರ ಮಗಳು ನಾನು, ಗೂಡನ್ನು ಎಣಿಸಿ ಮಾರುವುದನ್ನು ಈಗಲೇ ನೋಡಿದ್ದು" ಎಂದು ಅತ್ತಿಗೆ ನಕ್ಕುಬಿಟ್ಟರು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಒಣಗಿದ ಹುಳು ಗಿಲಕಿಯಂತೆ ಸದ್ದು ಮಾಡಿತು. ಮುದುಕ ಹಣ ತೆಗೆದುಕೊಳ್ಳಲಿಲ್ಲ.