ಊಟದ ನಂತರದ ಗೋಷ್ಠಿ

ಸಾಹಿತ್ಯ ಸಮ್ಮೇಳನದ ಆಹ್ವಾನ ಪತ್ರಿಕೆಯನ್ನು ಕೈಗೆತ್ತಿಕೊಂಡವರು ಮೊದಲು ಹುಡುಕುವುದು ತಮ್ಮ ಹೆಸರನ್ನು. ಆಮೇಲೆ ಹುಡುಕುವುದು ತಮಗಾಗದವರ ಹೆಸರನ್ನು. ಇವೆರಡೂ ಮುಗಿದ ಬಳಿಕ ದೃಷ್ಟಿ ಊಟದ ವೇಳೆಯ ಮೇಲೆ ನಿಲ್ಲುತ್ತದೆ. ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರಗಳಲ್ಲಿ, 'ಗೋಷ್ಠಿ ಒಂದು', 'ಗೋಷ್ಠಿ ಎರಡು' ಎಂದು ಅಚ್ಚಾಗಿರುತ್ತದೆ. ಅಲ್ಲಿಯವರೆಗೆ ಓದುವ ಸಹೃದಯರು ವಿರಳ.

ಗೋಷ್ಠಿ ಎಂಬುದು ಒಂದು ಕಾಲಕ್ಕೆ ಸಮಾನಮನಸ್ಕರು ಕೂಡಿ ಮಾತಾಡುವ ಸ್ಥಳವಾಗಿತ್ತು. ಸ್ವಾಗತ ಸಮಿತಿಯವರ ಕೈಗೆ ಸಿಕ್ಕ ಮೇಲೆ ಅದು ಹೆಸರುಗಳ ಉಗ್ರಾಣವಾಯಿತು. ಉದ್ಘಾಟನೆಯ ವೇದಿಕೆಯಲ್ಲಿ ಕುರ್ಚಿ ದೊರೆಯದವರಿಗೆ, ಮೆರವಣಿಗೆಯ ಸಾರೋಟಿನಲ್ಲಿ ಜಾಗ ಸಾಲದವರಿಗೆ, ಚಂದಾ ಕೊಟ್ಟು ಮುಖ ಊದಿಸಿಕೊಂಡವರಿಗೆ ಎಲ್ಲರಿಗೂ ಗೋಷ್ಠಿಯಲ್ಲಿ ಒಂದೊಂದು ಸ್ಥಾನ. ಅಧ್ಯಕ್ಷತೆ ಒಬ್ಬರದು, ಆಶಯ ನುಡಿ ಒಬ್ಬರದು, ಪ್ರಬಂಧ ಮಂಡನೆ ಮೂವರದು, 'ಉಪಸ್ಥಿತಿ' ಐವರದು, ನಿರೂಪಣೆ, ವಂದನಾರ್ಪಣೆ ಬೇರೆ. ಇಷ್ಟಕ್ಕೂ ಗೊತ್ತುಮಾಡಿರುವ ವೇಳೆ ಒಂದೂವರೆ ಗಂಟೆ. ಬೆಳಗಿನ ಮೆರವಣಿಗೆ ತಡವಾದುದರಿಂದ ಉದ್ಘಾಟನೆ ತಡ, ಉದ್ಘಾಟನೆ ತಡವಾದುದರಿಂದ ಊಟ ತಡ. ಕಡೆಗೆ ಗೋಷ್ಠಿಗೆ ಉಳಿಯುವುದು ಐವತ್ತು ನಿಮಿಷ. ಆ ಐವತ್ತು ನಿಮಿಷದಲ್ಲಿ ಪ್ರಶ್ನೋತ್ತರಕ್ಕೆ ಎಷ್ಟು ಎಂಬ ಲೆಕ್ಕವನ್ನು ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಲ್ಲ.

ಈ ಲೆಕ್ಕದಲ್ಲಿ ನಷ್ಟ ಹೊಂದುವವರು ಯಾರು? ದೊಡ್ಡಬಳ್ಳಾಪುರದಂಥ ಊರಿನಲ್ಲಿ ತಾಲ್ಲೂಕು ಸಮ್ಮೇಳನ ನಡೆಯುವುದೆಂದು ಭಾವಿಸಿಕೊಳ್ಳೋಣ. ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ದೂರದ ಈ ಊರು ನೇಕಾರರದು. ವಿದ್ಯುತ್ ಮಗ್ಗಗಳ ಸದ್ದು ಕೇಳದ ಬೀದಿಗಳು ಅಲ್ಲಿ ಕಡಮೆ. 'ನೇಕಾರಿಕೆ ಮತ್ತು ಸಾಹಿತ್ಯ' ಎಂಬ ಗೋಷ್ಠಿ ಇದೆಯೆಂದು ಕೇಳಿ ಕೂಲಿ ನೇಕಾರನೊಬ್ಬ ಆ ದಿನದ ಕೂಲಿಯನ್ನು ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾನೆ. ಅವನ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳು ತನ್ನ ಮನೆಯಲ್ಲಿ ದಿನವೂ ಆಡುವಂಥವು, ಮಗ ಮಗ್ಗ ಬೇಡವೆಂದು ಕಾರ್ಖಾನೆಗೆ ಹೊರಟಿದ್ದಾನೆ, ಮಗ್ಗವನ್ನು ಮಾರಿದ ಮೇಲೆ ಈ ಮಾತುಗಳು ಎಲ್ಲಿ ಹೋಗಿ ಇರುತ್ತವೆ? ದೇವರ ದಾಸಿಮಯ್ಯನ ಕಾಲದಿಂದ ಹಿಡಿದು ಮೂರು ಪ್ರಬಂಧಗಳು ಮಂಡಿತವಾಗುತ್ತವೆ. ಅವನು ಕೈಯೆತ್ತುತ್ತಾನೆ. "ಸ್ವಾಮೀ, ಒಂದು ಮಾತು..." ಎನ್ನುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡಿ, "ಸಮಯದ ಅಭಾವವಿರುವುದರಿಂದ ದಯವಿಟ್ಟು ಕುಳಿತುಕೊಳ್ಳಿ, ಯಜಮಾನರೇ" ಎಂದು ವಿನಯದಿಂದ ಹೇಳುತ್ತಾರೆ. ವಂದನಾರ್ಪಣೆ ಹನ್ನೆರಡು ನಿಮಿಷ ನಡೆಯುತ್ತದೆ. ಶಾಮಿಯಾನದವರಿಗೂ ಮೈಕಿನವರಿಗೂ ಕೃತಜ್ಞತೆ ಸಲ್ಲುತ್ತದೆ.

ಇದೇ ಊರಿನಲ್ಲಿ, ನೇಕಾರರ ಮನೆತನದಲ್ಲಿ, 1954ರಲ್ಲಿ ಹುಟ್ಟಿದವರು ವಿಮರ್ಶಕ ಡಿ. ಆರ್. ನಾಗರಾಜ್. 1998ರಲ್ಲಿ ಅಕಾಲ ಮರಣಕ್ಕೆ ತುತ್ತಾಗುವ ಹೊತ್ತಿಗೆ ಅವರ ವಿಚಾರಗಳು ಕಡಲಾಚೆಗೂ ತಲಪಿದ್ದವು. ಮಗ್ಗದ ಮನೆಗೂ ವಿಚಾರದ ಮನೆಗೂ ನಡುವೆ ಗೋಡೆಯಿಲ್ಲ ಎಂಬುದಕ್ಕೆ ದೊಡ್ಡಬಳ್ಳಾಪುರದವರು ಬೇರೆ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ಹಾಗಿದ್ದೂ ಹಿಂದಿನ ಸಾಲಿನ ಕೈ ಕಾಣದೆ ಹೋಗುತ್ತದೆ.

ಸಣ್ಣ ಕೂಟದ ಬೆಲೆಯನ್ನು ಈ ನಾಡು ಅರಿಯದೆ ಇಲ್ಲ. 1911ರ ಜೂನ್ ತಿಂಗಳಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಮೊದಲ ಬಾರಿಗೆ ಸೇರಿದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಅದರ ಹಿಂದಿದ್ದ ಚೇತನ ಆಗ ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರದು. ದೊಡ್ಡ ಸಭೆ ಭಾಷಣ ಕೇಳಿ ಮನೆಗೆ ಹೋಗಲೆಂದು ಅವರು ಬಿಡಲಿಲ್ಲ. ವ್ಯವಸಾಯಕ್ಕೊಂದು, ವಿದ್ಯಾಭ್ಯಾಸಕ್ಕೊಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೊಂದು ಎಂದು ಮೂರು ಸಮಿತಿಗಳನ್ನು ಮಾಡಿ, ಒಂದೊಂದಕ್ಕೂ ಅದರ ಕೆಲಸವನ್ನು ಒಪ್ಪಿಸಲಾಯಿತು. ಮುಂದಿನ ಐದು ವರ್ಷಗಳಲ್ಲಿ ಮೈಸೂರು ಸಂಸ್ಥಾನ ಕಂಡ ಫಲಗಳನ್ನು ನೋಡಬಹುದು: 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಇವೆರಡರ ನಡುವೆ, 1915ರ ಮೇ 5ರಂದು, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು; ಅದರ ಹುಟ್ಟಿಗೂ ಆ ಸಮಾಜದ ಪ್ರೇರಣೆಯಿತ್ತು. ಎಂದರೆ, ಇಂದು ಸಮ್ಮೇಳನಗಳನ್ನು ನಡೆಸುವ ಸಂಸ್ಥೆಯೇ ಒಂದು ರೀತಿಯಲ್ಲಿ ಸಮಿತಿಯ ಕೋಣೆಯ ಕೂಸು. ಆ ಕೋಣೆಗಳಲ್ಲಿ 'ಉಪಸ್ಥಿತಿ' ಎಂಬ ಉದ್ಯೋಗ ಯಾರಿಗೂ ಇರಲಿಲ್ಲವೆಂದು ಧಾರಾಳವಾಗಿ ನಂಬಬಹುದು.

ಅಮೆರಿಕದ ಹಾರಿಸನ್ ಓವೆನ್ ಎಂಬವರ ಕಥೆ ಇನ್ನೂ ಸ್ವಾರಸ್ಯವಾದುದು. ಅವರು 1983ರಲ್ಲಿ, ಒಂದು ವರ್ಷ ಬೆವರಿಳಿಸಿ ದೊಡ್ಡ ಸಮ್ಮೇಳನವೊಂದನ್ನು ಏರ್ಪಡಿಸಿದರು. ಎಲ್ಲ ಮುಗಿದ ಮೇಲೆ ಬಂದವರು ಮೆಚ್ಚಿ ನುಡಿದದ್ದು ಕಾಫಿಯ ವಿರಾಮವನ್ನು! ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ಓವೆನ್ನರು ಅದನ್ನೇ ಪಾಠವೆಂದು ತಿಳಿದು, ವಿಷಯವನ್ನು ಬಂದವರೇ ಗೋಡೆಯ ಮೇಲೆ ಬರೆದು, ಬೇಕಾದವರು ಬೇಕಾದ ಕಡೆ ಗುಂಪು ಸೇರುವ ಕ್ರಮವೊಂದನ್ನು 1985ರಲ್ಲಿ ಆರಂಭಿಸಿದರು. ಕಲಿಯುವುದೂ ಇಲ್ಲ, ಕಲಿಸುವುದೂ ಇಲ್ಲ ಎನಿಸಿದಾಗ ಎರಡು ಕಾಲುಗಳನ್ನು ಉಪಯೋಗಿಸಿ ಬೇರೆ ಗುಂಪಿಗೆ ಹೋಗಬೇಕು ಎಂಬುದು ಅದರ ಒಂದು ನಿಯಮ. ಕನ್ನಡದ ಸಭಿಕರು ಈ ನಿಯಮವನ್ನು ಯಾರೂ ಹೇಳಿಕೊಡದೆಯೇ ಪಾಲಿಸುತ್ತ ಬಂದಿದ್ದಾರೆ. ಅವರ ಕಾಲುಗಳು ಮಾತ್ರ ಬೇರೆ ಗುಂಪಿಗಲ್ಲ, ಪುಸ್ತಕದ ಮಳಿಗೆಗೆ, ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೋಗುತ್ತವೆ.

ಅಖಿಲ ಭಾರತ ಸಮ್ಮೇಳನಗಳಲ್ಲಿ ಪ್ರಧಾನ ವೇದಿಕೆಯ ಜೊತೆಗೆ ಸಮಾನಾಂತರ ವೇದಿಕೆಗಳನ್ನು ನಿಲ್ಲಿಸುವ ಪದ್ಧತಿ ಬಂದಿದೆ. ಆದರೆ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಮ್ಮೇಳನ ನಡೆದಾಗ ನಾಡು ಬಿಸಿಯಾಗಿ ಚರ್ಚಿಸಿದ್ದು ಬಾಡೂಟ ಬೇಕೆ ಬೇಡವೆ ಎಂಬುದನ್ನು. ಊಟದ ವಿಷಯದಲ್ಲಿ ಎಲ್ಲರಿಗೂ ಅಭಿಪ್ರಾಯವಿತ್ತು, ಏಕೆಂದರೆ ಊಟದಲ್ಲಿ ಎಲ್ಲರಿಗೂ ಪಾಲಿತ್ತು. ಗೋಷ್ಠಿಗಾಗಿ ಯಾರೂ ಜಗಳವಾಡಲಿಲ್ಲ. ವೇದಿಕೆಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಮಾತುಕತೆ ಹೆಚ್ಚುವುದಿಲ್ಲ. ಭಾಷಣಕಾರರ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ.

ತಾಲ್ಲೂಕು ಸಮ್ಮೇಳನಕ್ಕೆ ಇದನ್ನು ಸರಿಪಡಿಸುವುದು ಸುಲಭ, ಏಕೆಂದರೆ ಅದು ಚಿಕ್ಕದು. ಮೊದಲು ವಿಷಯ. 'ಕೃಷಿ: ಅಂದು, ಇಂದು, ಮುಂದು' ಎಂಬಂಥ ಹೆಸರನ್ನು ಕಂಡ ಕೂಡಲೆ ನಿದ್ರೆ ಸಮೀಪಿಸುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅಂಥವರ ಮುಂದೆ ನಿಂತು ರೈತನು ದೇಶದ ಬೆನ್ನೆಲುಬೆಂದು ಅರ್ಧ ಗಂಟೆ ವಿವರಿಸುವುದು ಅವರ ತಾಳ್ಮೆಯ ದುರುಪಯೋಗ. 'ಮಾರದೆ ಉಳಿದ ಹೊಲದಲ್ಲಿ ಮಕ್ಕಳು ನಿಲ್ಲುವಂತೆ ಮಾಡುವುದು ಹೇಗೆ?' ಎಂದು ಕೇಳಿದರೆ ಅವರೇ ಮಾತಾಡುತ್ತಾರೆ. ವಿಷಯ ಪ್ರಶ್ನೆಯ ರೂಪದಲ್ಲಿರಬೇಕು, ಮತ್ತು ಉತ್ತರದ ಒಂದು ತುಣುಕಾದರೂ ಕೇಳುವವರ ಬಳಿಯೇ ಇರುವಂಥದಾಗಿರಬೇಕು.

ಆಮೇಲೆ ಸ್ಥಳ. ಶಾಮಿಯಾನದ ಪಕ್ಕದಲ್ಲಿ ಇನ್ನೊಂದು ಶಾಮಿಯಾನ ಹಾಕಿದರೆ ಒಂದರ ಜಾನಪದ ಗೀತೆ ಇನ್ನೊಂದರ ವಿಮರ್ಶೆಯನ್ನು ನುಂಗುತ್ತದೆ. ಸಮ್ಮೇಳನ ನಡೆಯುವುದು ಬಹುಮಟ್ಟಿಗೆ ಶಾಲೆಯ ಮೈದಾನದಲ್ಲಿಯೇ. ತರಗತಿಯ ಕೋಣೆಗಳು ಆ ದಿನ ಖಾಲಿ. ಧ್ವನಿವರ್ಧಕದ ಬಾಯಿ ತಿರುಗಿರದ ಕಡೆಯ ಕೋಣೆಯನ್ನು ಆರಿಸಿ, ಬೆಂಚುಗಳನ್ನು ಸುತ್ತಲೂ ಎಳೆದು, ಇಪ್ಪತ್ತೈದು ಮೂವತ್ತು ಮಂದಿಯನ್ನು ಕೂರಿಸಿದರೆ ಮೈಕೇ ಬೇಡ. ಮೈಕು ಇಲ್ಲವೆಂದರೆ ಅರ್ಧ ಭಾಷಣಕಾರರು ತಾವಾಗಿಯೇ ಬರುವುದಿಲ್ಲ. ಇದೂ ಒಂದು ಅನುಕೂಲ. ಯಾವ ಕೋಣೆಯಲ್ಲಿ ಯಾವ ಗೋಷ್ಠಿ ಎಂಬುದನ್ನು ಊಟದ ಸಾಲಿನ ಎದುರಿಗೇ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಬೇಕು. ಎಲೆಗಾಗಿ ಕಾಯುವವರಿಗೆ ಓದಲು ಬೇರೇನೂ ಇರುವುದಿಲ್ಲ.

ಊಟವಾದ ಕೂಡಲೆ ಪ್ರಬಂಧ ಓದುವುದು ಸಲ್ಲದು. ಹೋಳಿಗೆ ತಿಂದವರ ಮುಂದೆ ಇಪ್ಪತ್ತು ಪುಟದ ಪ್ರಬಂಧವನ್ನು ಬಿಚ್ಚುವವನಿಗೆ ದಯೆಯಿಲ್ಲವೆನ್ನಬೇಕು. ವಿಷಯವನ್ನು ಬಲ್ಲವರೊಬ್ಬರು ಹತ್ತು ನಿಮಿಷ ಪೀಠಿಕೆ ಹಾಕಿದರೆ ಸಾಕು. ಅನಂತರ ಆರಾರು ಮಂದಿ ಒಬ್ಬರಿಗೊಬ್ಬರು ತಿರುಗಿ ಕುಳಿತು ಆರು ನಿಮಿಷ ಮಾತಾಡಲಿ; ಅಮೆರಿಕದ ಮಿಷಿಗನ್ ಪ್ರಾಂತದ ಡೊನಾಲ್ಡ್ ಫಿಲಿಪ್ಸ್ ಎಂಬ ಅಧ್ಯಾಪಕರು 1940ರ ದಶಕದಲ್ಲಿ ಪ್ರಚುರಪಡಿಸಿದ ಕ್ರಮ ಇದು. ನೂರು ಜನರೆದುರು ಎದ್ದು ನಿಲ್ಲಲಾರದ ಹೆಣ್ಣುಮಗಳು ಐವರ ಮುಂದೆ ನಿರಾತಂಕವಾಗಿ ಆಡುತ್ತಾಳೆ. ಅವಳ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ವಿಚಾರಿಸಿಕೊಂಡು ಗೋಷ್ಠಿಯ ವೇಳೆಯನ್ನು ಗೊತ್ತುಮಾಡುವುದು ಸ್ವಾಗತ ಸಮಿತಿಗೆ ಅವಮಾನವೇನಲ್ಲ.

ಸಂಚಾಲಕರ ಆಯ್ಕೆಯಲ್ಲಿ ಮಾತ್ರ ದಾಕ್ಷಿಣ್ಯಕ್ಕೆ ಎಡೆ ಕೊಡಬಾರದು. ಚೆನ್ನಾಗಿ ಮಾತಾಡುವವರು ಈ ಕೆಲಸಕ್ಕೆ ಒದಗುವುದಿಲ್ಲ. ಮಾತನ್ನು ತಡೆಯಬಲ್ಲವರು, ಅದಕ್ಕಿಂತ ಮುಖ್ಯವಾಗಿ ಹಿಂದಿನ ಬೆಂಚನ್ನು ನೋಡಬಲ್ಲವರು ಬೇಕು. ಮಕ್ಕಳಿಂದ ಉತ್ತರ ಹೊರಡಿಸಿ ರೂಢಿಯಿರುವ ಪ್ರಾಥಮಿಕ ಶಾಲೆಯ ಮೇಡಮ್ಮನವರೊಬ್ಬರು ಇದನ್ನು ಅನೇಕ ಪಂಡಿತರಿಗಿಂತ ಚೆನ್ನಾಗಿ ನಿರ್ವಹಿಸಬಲ್ಲರು.

ಇನ್ನು, ಬರೆದುಕೊಳ್ಳುವವರೊಬ್ಬರಿರಬೇಕು. ಕೋಣೆಯಲ್ಲಿ ಆಡಿದ ಮಾತು ಕೋಣೆಯಲ್ಲೇ ಉಳಿದರೆ ಜನ ಮುಂದಿನ ವರ್ಷ ಬರುವುದಿಲ್ಲ. ಸಮಾರೋಪದಲ್ಲಿ, ಸನ್ಮಾನಗಳ ಶಾಲುಗಳು ಹೊರಬರುವುದಕ್ಕೆ ಮುಂಚೆ, ಪ್ರತಿ ಗೋಷ್ಠಿಗೂ ಐದು ನಿಮಿಷ ಕೊಟ್ಟು, ಅಲ್ಲಿ ಕೇಳಿಬಂದುದನ್ನು ಆಡಿದವರ ಮಾತಿನಲ್ಲಿಯೇ ಓದಿಸಬೇಕು. ನೇಕಾರನ ಪ್ರಶ್ನೆಗೆ ಅಂದು ಉತ್ತರ ದೊರೆಯದಿರಬಹುದು. ಆದರೆ ಆ ಕೋಣೆಯಲ್ಲಿ ಹೈಸ್ಕೂಲಿನ ಕನ್ನಡ ಪಂಡಿತರೊಬ್ಬರಿದ್ದು, "ಅಣ್ಣಾ, ಭಾನುವಾರ ಮನೆಗೆ ಬರುತ್ತೇನೆ, ಮಗ್ಗದ ಒಂದೊಂದು ಭಾಗವನ್ನೂ ಮುಟ್ಟಿ ಹೆಸರು ಹೇಳಿ, ಹುಡುಗರಿಂದ ಬರೆಸುತ್ತೇನೆ" ಎಂದರೆ, ನೇಕಾರ ಭಾನುವಾರ ಬೇಡವೆಂದು, ಕರೆಂಟು ಹೋಗುವ ಹೊತ್ತನ್ನು ಹೇಳಿ, ಆಗ ಬರಲು ತಿಳಿಸುತ್ತಾನೆ. ಮಗ್ಗ ನಿಂತಿದ್ದಾಗಲಲ್ಲವೆ ಮಾತು ಕೇಳಿಸುವುದು!